ಬೇಸರ ಬೇರೆ, ವಿರಾಗ ಬೇರೆ



ಇಂದಿನ ಧಮ್ಮ ಚಿಂತನೆ



ಕಳೆದ ಭಾನುವಾರ ವಂದನೆ ಮುಗಿಸಿ ಚಾಪೆ ಮಡಚುತ್ತಿದ್ದಾಗ ಬಳಗದ ಹಿರಿಯರೊಬ್ಬರು ಕೇಳಿದರು, "ಎಂತ ಮೇಷ್ಟ್ರೇ, ಕಾರ್ ರೇಸ್ ನೋಡೋದು ಬಿಟ್ರಂತೆ? ವೈರಾಗ್ಯ ಬಂತಾ ಹೆಂಗೆ?" ಎಲ್ಲರೂ ನಕ್ಕರು, ನಾನೂ ನಕ್ಕೆ. ತಮಾಷೆಗೆ ಕೇಳಿದ ಮಾತಾದರೂ ಅದರೊಳಗೆ ಧಮ್ಮದ ದೊಡ್ಡ ಪ್ರಶ್ನೆಯೇ ಇದೆ. ಒಂದು ವಸ್ತುವಿನ ಮೇಲೆ ನಮಗೆ ಆಸಕ್ತಿ ಹೋದರೆ ಆಸೆಯೂ ಹೋಯಿತು ಅಂತಲೇ? ಬೇಸರ ಬಂದು ಬಿಡುವುದಕ್ಕೂ ತಿಳಿದು ಬಿಡುವುದಕ್ಕೂ ಇರುವ ವ್ಯತ್ಯಾಸವೇನು? ಇವತ್ತು ಅದನ್ನೇ ಯೋಚಿಸೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ರೇಸ್ ನೋಡುವುದು ಪಾಪ ಅಂತ ಇಲ್ಲಿ ಯಾರೂ ಹೇಳುತ್ತಿಲ್ಲ. ಗೃಹಸ್ಥರಾದ ನಮಗಿರುವ ಪಂಚಶೀಲದಲ್ಲಿ ಆಟ ನೋಡಬಾರದು ಎಂಬ ಶೀಲವಿಲ್ಲ. ಉಪೋಸಥದ ದಿನ ಅಷ್ಟಶೀಲ ತೆಗೆದುಕೊಳ್ಳುವವರು ಮಾತ್ರ ಕುಣಿತ, ಹಾಡು, ಪ್ರದರ್ಶನಗಳಿಂದ ದೂರವಿರುತ್ತಾರೆ, ಅದು ಏಳನೆಯ ಶೀಲ. ಹಾಗಾಗಿ ಇಲ್ಲಿರುವ ಪ್ರಶ್ನೆ ಮನಸ್ಸಿನದು.

ನನಗೆ ಈ ಹುಚ್ಚು ಹಿಡಿದದ್ದು ಹಾಸ್ಟೆಲಿನಲ್ಲಿ. ಊಟದ ಹಾಲಿನಲ್ಲಿ ಒಂದೇ ಟಿ.ವಿ. ಯುರೋಪಿನ ರೇಸುಗಳು ನಮಗೆ ಭಾನುವಾರ ಸಂಜೆ ಐದೂವರೆಗೆ ಬರುತ್ತಿದ್ದವು. ಕ್ರಿಕೆಟ್ ಇಲ್ಲದ ದಿನ ರಿಮೋಟ್ ನಮ್ಮ ಕೈಗೆ ಸಿಗುತ್ತಿತ್ತು. ಕನ್ನಡ ಎಂ.ಎ. ಓದುವವನಿಗೆ ಇದೆಂಥಾ ಹುಚ್ಚು ಮಾರಾಯ ಅಂತ ಗೆಳೆಯರು ಕೇಳುತ್ತಿದ್ದರು. ಹುಚ್ಚಿಗೆ ಕಾರಣ ಹೇಳುವುದು ಕಷ್ಟ. ಮುನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ತಿರುವಿನಲ್ಲಿ ಎಲ್ಲಿ ಬ್ರೇಕ್ ಹಾಕುತ್ತಾನೆ ಅಂತ ಉಸಿರು ಹಿಡಿದು ನೋಡುವುದರಲ್ಲಿ ಏನೋ ಒಂದು ಸುಖವಿತ್ತು. 2005ರಲ್ಲಿ ನಾರಾಯಣ್ ಕಾರ್ತಿಕೇಯನ್ ಫಾರ್ಮುಲಾ ಒನ್ ಕಾರು ಹತ್ತಿದ ಮೊದಲ ಭಾರತೀಯನಾದಾಗ ನಮ್ಮ ಮನೆಯವನೇ ಗೆದ್ದಷ್ಟು ಖುಷಿಪಟ್ಟೆವು.

ಆದರೆ ಈ ಆಟದಲ್ಲಿ ಬೇಸರವೂ ಆಗಿನಿಂದಲೇ ಜೊತೆಗಿತ್ತು. 2000ದಿಂದ 2004ರವರೆಗೆ ಐದು ವರ್ಷ ಮೈಕೆಲ್ ಶುಮಾಕರ್ ಒಬ್ಬರೇ ಚಾಂಪಿಯನ್. 2002ರಲ್ಲಿ 17 ರೇಸುಗಳ ಪೈಕಿ 15ನ್ನು ಫೆರಾರಿ ತಂಡವೇ ಗೆದ್ದಿತು. ಅದೇ ವರ್ಷದ ಮೇ 12ರಂದು ಆಸ್ಟ್ರಿಯಾದಲ್ಲಿ ಮುಂದಿದ್ದ ಬ್ಯಾರಿಚೆಲ್ಲೊ, ತಂಡದ ಆಜ್ಞೆಯಂತೆ ಕೊನೆಯ ಗೆರೆಯ ಹತ್ತಿರ ಕಾರು ನಿಧಾನ ಮಾಡಿ ಶುಮಾಕರ್‌ಗೆ ದಾರಿ ಬಿಟ್ಟರು. ಮೈದಾನದಲ್ಲಿದ್ದ ಜನ ಕೂಗಿ ಛೀಮಾರಿ ಹಾಕಿದರು. ಆಮೇಲೆ ಸೆಬಾಸ್ಟಿಯನ್ ವೆಟ್ಟೆಲ್ ಬಂದರು, 2010ರಿಂದ ನಾಲ್ಕು ವರ್ಷ ಅವರದೇ. 2014ರಿಂದ 2020ರವರೆಗೆ ಏಳು ವರ್ಷ ಮರ್ಸಿಡಿಸ್ ಚಾಲಕರೇ ಚಾಂಪಿಯನ್. 2023ರಲ್ಲಂತೂ 22 ರೇಸುಗಳಲ್ಲಿ 19ನ್ನು ಮ್ಯಾಕ್ಸ್ ವರ್ಸ್ಟಾಪೆನ್ ಒಬ್ಬರೇ ಗೆದ್ದರು. ಅದರಲ್ಲಿ ಸತತ 10. ಅವರ ರೆಡ್ ಬುಲ್ ತಂಡದ ಕೈತಪ್ಪಿದ್ದು ಆ ವರ್ಷ ಸಿಂಗಪುರದ ಒಂದೇ ಒಂದು ರೇಸ್.

ಯಾಕೆ ಹೀಗಾಗುತ್ತದೆ? ಮುಂದಿನ ಕಾರು ಗಾಳಿಯನ್ನು ಕಲಕಿ ಬಿಟ್ಟು ಹೋಗುತ್ತದೆ. ಆ ಕಲಕಿದ ಗಾಳಿಯಲ್ಲಿ ಹಿಂದಿನ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಬಲ ಕಡಿಮೆಯಾಗುತ್ತದೆ, ತಿರುವಿನಲ್ಲಿ ಜಾರುತ್ತದೆ, ಟೈರ್ ಬೇಗ ಸವೆಯುತ್ತದೆ. ಹಾಗಾಗಿ ಹಿಂದಿನವನು ವೇಗವಾಗಿದ್ದರೂ ಹತ್ತಿರ ಹೋಗಲಾರ. ಇದಕ್ಕೆ ಪರಿಹಾರವೆಂದು 2011ರಲ್ಲಿ ಹಿಂದಿನ ರೆಕ್ಕೆ ತೆರೆದುಕೊಳ್ಳುವ ವ್ಯವಸ್ಥೆ ತಂದರು. 2025ರವರೆಗೆ, ಮುಂದಿನ ಕಾರಿನಿಂದ ಒಂದು ಸೆಕೆಂಡಿನ ಒಳಗಿದ್ದರೆ ಗುರುತು ಮಾಡಿದ ಜಾಗದಲ್ಲಿ ರೆಕ್ಕೆ ತೆರೆಯಬಹುದಿತ್ತು. 2022ರಲ್ಲಿ ಕಾರಿನ ಆಕಾರವನ್ನೇ ಬದಲಿಸಿದರು. ಆದರೆ ಮೂಲ ಕಾರಣ ಇನ್ನೂ ಆಳದಲ್ಲಿದೆ. ಪ್ರತಿ ತಂಡದಲ್ಲಿ ನೂರಾರು ಎಂಜಿನಿಯರುಗಳು ಹಗಲು ರಾತ್ರಿ ದುಡಿಯುವುದು ಒಂದೇ ಕೆಲಸಕ್ಕೆ: ಅನಿರೀಕ್ಷಿತವಾದದ್ದು ಏನೂ ಆಗದಂತೆ ನೋಡಿಕೊಳ್ಳುವುದಕ್ಕೆ. ಎಂಜಿನ್ ಕೆಡಬಾರದು, ಟೈರ್ ಒಡೆಯಬಾರದು, ಲೆಕ್ಕ ತಪ್ಪಬಾರದು. ನೋಡುವವನಿಗೆ ಸುಖ ಕೊಡುವುದೋ ಅದೇ ಅನಿರೀಕ್ಷಿತ. ಗೆಲ್ಲುವವನು ಯಾವುದನ್ನು ಇಲ್ಲವಾಗಿಸಲು ದುಡಿಯುತ್ತಾನೋ ಅದಕ್ಕಾಗಿಯೇ ನೋಡುವವನು ಕಾದು ಕುಳಿತಿರುತ್ತಾನೆ. ಈ ಎರಡಕ್ಕೂ ಹೊಂದಾಣಿಕೆ ಎಲ್ಲಿಂದ ಬರಬೇಕು?

ಬೌದ್ಧರಾದ ನಮಗೆ ಇದರಲ್ಲಿ ಇನ್ನೊಂದು ವಿಷಯವೂ ಇದೆ. ಭಾರತದಲ್ಲಿ ಫಾರ್ಮುಲಾ ಒನ್ ರೇಸ್ ನಡೆದ ಮೈದಾನದ ಹೆಸರೇ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆ, ಗ್ರೇಟರ್ ನೋಯ್ಡಾದಲ್ಲಿದೆ. 2011ರ ಅಕ್ಟೋಬರಿನಲ್ಲಿ ಮೊದಲ ದಿನದ ಅಭ್ಯಾಸ ನಡೆಯುತ್ತಿದ್ದಾಗ ಬೀದಿನಾಯಿಯೊಂದು ಟ್ರ್ಯಾಕಿಗೆ ನುಗ್ಗಿ, ಕೆಂಪು ಬಾವುಟ ತೋರಿಸಿ ಕಾರುಗಳನ್ನೆಲ್ಲ ನಿಲ್ಲಿಸಬೇಕಾಯಿತು. ಅಲ್ಲಿ 2011, 2012, 2013ರಲ್ಲಿ ಮೂರೇ ರೇಸ್ ನಡೆದವು. ಮೂರರಲ್ಲೂ ಮೊದಲ ಸ್ಥಾನದಿಂದ ಹೊರಟವರು ವೆಟ್ಟೆಲ್, ಮೂರನ್ನೂ ಗೆದ್ದವರು ವೆಟ್ಟೆಲ್. 2013ರಲ್ಲಿ ಅಲ್ಲೇ ನಾಲ್ಕನೆಯ ಬಾರಿ ಚಾಂಪಿಯನ್ ಆಗಿ, ಕಾರನ್ನು ಗಿರಗಿರನೆ ತಿರುಗಿಸಿ ಹೊಗೆ ಎಬ್ಬಿಸಿ, ಇಳಿದು ಕಾರಿನ ಮುಂದೆ ಮಂಡಿಯೂರಿ ನಮಸ್ಕರಿಸಿದರು. ಅದೇ ಕೊನೆ, ಆ ಮೈದಾನಕ್ಕೆ ಫಾರ್ಮುಲಾ ಒನ್ ಮತ್ತೆ ಬರಲಿಲ್ಲ. ರಾಜ್ಯ ಸರ್ಕಾರ ಇದನ್ನು ಕ್ರೀಡೆ ಎಂದು ಒಪ್ಪದೆ ಮನರಂಜನೆ ಎಂದು ಪರಿಗಣಿಸಿ ತೆರಿಗೆ ಕೇಳಿತು. ಭೂಮಿ ಕಳೆದುಕೊಂಡ ರೈತರು ಪರಿಹಾರಕ್ಕಾಗಿ ಬೇರೆಯೇ ಕೂಗುತ್ತಿದ್ದರು. ಬುದ್ಧನ ಹೆಸರಿಟ್ಟ ಮಾತ್ರಕ್ಕೆ ಯಾವುದೂ ಅನಿತ್ಯದ ನಿಯಮದಿಂದ ತಪ್ಪಿಸಿಕೊಳ್ಳುವುದಿಲ್ಲ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಇದು ವೈರಾಗ್ಯವೇ?

ಪರೀಕ್ಷೆ ಸುಲಭ. 2020ರ ಹೊತ್ತಿಗೇ ನನ್ನ ಆಸಕ್ತಿ ಅರ್ಧ ಬತ್ತಿತ್ತು. 2021ರ ಡಿಸೆಂಬರ್ 12ರಂದು ಅಬುಧಾಬಿಯಲ್ಲಿ ಹ್ಯಾಮಿಲ್ಟನ್ ಮತ್ತು ವರ್ಸ್ಟಾಪೆನ್ ಸರಿಸಮ ಅಂಕದಲ್ಲಿ ಕೊನೆಯ ರೇಸಿಗೆ ಬಂದರು. ಇಡೀ ವರ್ಷದ ತೀರ್ಮಾನ ಕೊನೆಯ ಸುತ್ತಿನಲ್ಲಾಯಿತು. ಆ ಹೊತ್ತು ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಬತ್ತಿತು ಅಂದುಕೊಂಡಿದ್ದ ಆಸೆ ಮುಂಗಾರಿನ ಮೊದಲ ಮಳೆಗೆ ಹಳ್ಳ ತುಂಬಿದ ಹಾಗೆ ಒಂದೇ ಸಂಜೆಗೆ ತುಂಬಿ ಬಂತು. ಅಂದರೆ ಬೇಸರದಿಂದ ಹೋಗುವುದು ಆಸೆಯ ಊಟ ಮಾತ್ರ, ಹಸಿವು ಹಾಗೇ ಇರುತ್ತದೆ. ಊಟ ರುಚಿಸದಿದ್ದರೆ ಅದು ಬೇರೆ ತಟ್ಟೆ ಹುಡುಕುತ್ತದೆ. ರೇಸ್ ಬಿಟ್ಟವರ ಆ ಎರಡು ಗಂಟೆ ಎಲ್ಲಿ ಹೋಗುತ್ತದೆ ನೋಡಿ. ಕ್ರಿಕೆಟ್ಟಿನ ತುಣುಕು, ಮೊಬೈಲಿನ ರೀಲ್ಸ್, ಯಾರದೋ ಜಗಳದ ವಿಡಿಯೋ. ಎರಡು ಗಂಟೆಯ ತಣ್ಹಾ ಮೂವತ್ತು ಸೆಕೆಂಡಿನ ತಣ್ಹಾ ಆಗಿ ಒಡೆದುಕೊಂಡಿರುತ್ತದೆ, ಅಷ್ಟೇ.

ಪಾಲಿಯಲ್ಲಿ ನಿಬ್ಬಿದಾ ಎಂಬ ಮಾತಿದೆ. ಇದ್ದದ್ದನ್ನು ಇದ್ದ ಹಾಗೆ ಕಂಡಾಗ ಅದರ ಮೇಲಿನ ಮೋಹ ಕಳಚುವುದು ನಿಬ್ಬಿದಾ. ಅದರಿಂದ ವಿರಾಗ, ವಿರಾಗದಿಂದ ಬಿಡುಗಡೆ. ಈ ದಾರಿ ಶುರುವಾಗುವುದೇ ಕಾಣುವುದರಿಂದ. ಬೇಸರದಲ್ಲಿ ಕಾಣುವ ಕೆಲಸ ಇರುವುದಿಲ್ಲ, ಮುಖ ತಿರುಗಿಸುವ ಕೆಲಸ ಮಾತ್ರ ಇರುತ್ತದೆ.

ಬಾಬಾಸಾಹೇಬರು ಈ ವ್ಯತ್ಯಾಸವನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರು ಎಂಬುದು 'ಬುದ್ಧ ಮತ್ತು ಆತನ ಧಮ್ಮ' ಓದಿದ ನಿಮಗೆಲ್ಲ ಗೊತ್ತು. ಮುದುಕ, ರೋಗಿ, ಹೆಣ ಇವನ್ನು ಮೊದಲ ಸಲ ಕಂಡು ಸಿದ್ಧಾರ್ಥ ಮನೆ ಬಿಟ್ಟ ಎಂಬ ಕಥೆಯನ್ನು ಅವರು ಒಪ್ಪಲಿಲ್ಲ. 29 ವರ್ಷದವನು ಅವನ್ನೆಲ್ಲ ಅದುವರೆಗೆ ಕಂಡೇ ಇರಲಿಲ್ಲ ಎಂದರೆ ನಂಬುವುದು ಹೇಗೆ? ಅವರು ಮುಂದಿಟ್ಟ ಕಾರಣ ರೋಹಿಣಿ ನದಿಯ ನೀರಿನ ಜಗಳ. ಶಾಕ್ಯರು ಕೋಲಿಯರ ಮೇಲೆ ಯುದ್ಧ ಮಾಡಲು ಹೊರಟಾಗ ಸಿದ್ಧಾರ್ಥ ವಿರೋಧಿಸಿದ, ಅದರ ಬೆಲೆಯಾಗಿ ಮನೆ ಬಿಟ್ಟ. ಅರಮನೆಯ ಸುಖ ಸಾಕೆನಿಸಿ ಹೊರಟವನ ಚಿತ್ರ ಅದರಲ್ಲಿಲ್ಲ. ಜನರ ದುಃಖಕ್ಕೆ ಕಾರಣವೇನು ಎಂದು ಕಣ್ಣುಬಿಟ್ಟು ನೋಡಿದವನ ಚಿತ್ರ ಇದೆ.

ಹಾಗಾದರೆ ಬೇಸರವೆಂದರೆ ಏನು? ಇದಕ್ಕೆ ಉತ್ತರ ಕೊಟ್ಟವರು ಒಬ್ಬ ಹೆಣ್ಣುಮಗಳು, ಭಿಕ್ಖುಣಿ ಧಮ್ಮದಿನ್ನಾ. ಮಜ್ಝಿಮ ನಿಕಾಯದ ಚೂಳವೇದಲ್ಲ ಸುತ್ತದಲ್ಲಿ ವಿಶಾಖ ಎಂಬ ಉಪಾಸಕ ಆಕೆಯನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾನೆ. ವೇದನೆ ಮೂರು ಬಗೆ ಎನ್ನುತ್ತಾರೆ ಆಕೆ: ಸುಖ, ದುಃಖ, ಸುಖವೂ ಅಲ್ಲದ ದುಃಖವೂ ಅಲ್ಲದ ಮೂರನೆಯದು. ಸುಖದ ಅಡಿಯಲ್ಲಿ ರಾಗ ಮಲಗಿರುತ್ತದೆ, ದುಃಖದ ಅಡಿಯಲ್ಲಿ ದ್ವೇಷ ಮಲಗಿರುತ್ತದೆ, ಮೂರನೆಯದರ ಅಡಿಯಲ್ಲಿ ಅವಿದ್ಯೆ ಮಲಗಿರುತ್ತದೆ. ಮುಂದೆ ಇನ್ನೊಂದು ಮಾತು ಹೇಳುತ್ತಾರೆ. ಈ ಮೂರನೆಯ ವೇದನೆ ತಿಳಿವಳಿಕೆ ಇದ್ದಾಗ ಸುಖವಾಗುತ್ತದೆ, ತಿಳಿವಳಿಕೆ ಇಲ್ಲದಾಗ ದುಃಖವಾಗುತ್ತದೆ. ವಿಶಾಖ ಹೋಗಿ ಬುದ್ಧನಿಗೆ ಇದನ್ನೆಲ್ಲ ತಿಳಿಸಿದಾಗ, ನನ್ನನ್ನು ಕೇಳಿದ್ದರೂ ನಾನು ಹೀಗೇ ಹೇಳುತ್ತಿದ್ದೆ ಎಂಬ ಅರ್ಥದ ಮಾತನ್ನು ಬುದ್ಧ ಆಡುತ್ತಾನೆ. ಒಬ್ಬ ಹೆಣ್ಣಿನ ಮಾತಿಗೆ ಗುರುವೇ ಮುದ್ರೆ ಒತ್ತಿದ ಸಂದರ್ಭ ಇದು.

ಈ ಮಾತನ್ನು ರೇಸಿಗೆ ಹಚ್ಚಿ ನೋಡಿ. ಐವತ್ತು ಸುತ್ತು ಒಬ್ಬನೇ ಮುಂದೆ, ಯಾರೂ ಯಾರನ್ನೂ ದಾಟುವುದಿಲ್ಲ. ನೋಡುವವನಿಗೆ ಸುಖವಿಲ್ಲ, ದುಃಖವೂ ಇಲ್ಲ. ನನಗೆ ಆಕಳಿಕೆ. ಆದರೆ ನಮ್ಮ ಕಡೆಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಅದೇ ರೇಸನ್ನು ಮೊಬೈಲಿನಲ್ಲಿ ಕಣ್ಣು ಕೀಳದೆ ನೋಡುತ್ತಾನೆ. "ಸರ್, ಮೂರು ಸುತ್ತಿಂದ ಅವನ ಟೈಮ್ ಸ್ವಲ್ಪ ಸ್ವಲ್ಪ ಇಳೀತಾ ಇದೆ, ಹಿಂದಿನ ಎಡ ಟೈರ್ ಹೋಗಿದೆ, ಈಗ ಒಳಗೆ ಬರ್ತಾನೆ ನೋಡಿ" ಅನ್ನುತ್ತಾನೆ. ಎರಡು ಸುತ್ತು ಕಳೆಯುವಷ್ಟರಲ್ಲಿ ಕಾರು ಒಳಗೆ ಬರುತ್ತದೆ. ನೋಡಿದ್ದು ಒಂದೇ ರೇಸ್. ಅವನಿಗೆ ಅದು ಸುಖ, ನನಗೆ ಬೇಸರ. ನಡುವೆ ಇರುವುದು ತಿಳಿವಳಿಕೆ. ಇನ್ನು ಆ ಕಾರಿನೊಳಗೆ ಕೂತವನನ್ನು ಯೋಚಿಸಿ. ನಮಗೆ ಏನೂ ನಡೆಯದ ಆ ಐವತ್ತು ಸುತ್ತಿನಲ್ಲಿ ಅವನು ಒಂದು ತಿರುವಿನಲ್ಲಿ ಮೈಮರೆತರೂ ಗೋಡೆಗೆ ಹೊಡೆಯುತ್ತಾನೆ. ಅವನಿಗೆ ಬೇಸರಪಡಲು ಪುರಸೊತ್ತಿಲ್ಲ. ಬೇಸರ ಹುಟ್ಟುವುದು ನೋಡುವವನ ಕುರ್ಚಿಯಲ್ಲಿ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಇನ್ನೊಂದು ಉದಾಹರಣೆಯಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ಕಾರ್ ರ್‍ಯಾಲಿ ನಡೆಯುವುದು ನಿಮಗೆ ಗೊತ್ತು. ಏಷ್ಯಾ ಪೆಸಿಫಿಕ್ ಚಾಂಪಿಯನ್‌ಶಿಪ್ಪಿನ ಸುತ್ತೂ ಅಲ್ಲಿ ನಡೆದಿದೆ. ಆ ಚಾಂಪಿಯನ್‌ಶಿಪ್ಪನ್ನು ಮೂರು ಸಲ ಗೆದ್ದ ಗೌರವ್ ಗಿಲ್ 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಮೋಟಾರು ಕ್ರೀಡೆಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ರ್‍ಯಾಲಿಯಲ್ಲಿ ಕಾರುಗಳು ಒಟ್ಟಿಗೆ ಓಡುವುದಿಲ್ಲ, ಒಂದು ಹೋಗಿ ಸ್ವಲ್ಪ ಹೊತ್ತಿಗೆ ಇನ್ನೊಂದು. ಬೇಲಿಯಂಚಿನಲ್ಲಿ ನಿಂತವರಿಗೆ ಕಾಣುವುದು ನಾಲ್ಕು ಸೆಕೆಂಡ್ ಕಾರು, ಉಳಿದದ್ದೆಲ್ಲ ಧೂಳು ಮತ್ತು ಕಾಯುವಿಕೆ. ಆದರೂ ತೋಟದ ಕೆಲಸದವರು ಕದಲುವುದಿಲ್ಲ. ಆ ತಿರುವಿನ ಜಾರು, ಆ ಚರಂಡಿಯ ಆಳ ಅವರಿಗೆ ಕಾಲಿನಿಂದಲೇ ಗೊತ್ತು. ಕಾರಿನೊಳಗೆ ಚಾಲಕನ ಪಕ್ಕದಲ್ಲಿ ಇನ್ನೊಬ್ಬರು ಕೂತು, ಮೊದಲೇ ಬರೆದುಕೊಂಡ ಟಿಪ್ಪಣಿ ನೋಡಿ ಮುಂದಿನ ತಿರುವು ಯಾವುದು, ಎಷ್ಟು ಕಡಿದು ಎಂದು ಓದಿ ಹೇಳುತ್ತಿರುತ್ತಾರೆ. ಕಣ್ಣಿಗೆ ಇನ್ನೂ ಕಾಣದ ತಿರುವನ್ನು ಮುಂಚೆಯೇ ಹೇಳುವವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಲ್ಯಾಣಮಿತ್ರ.

ಬಂಧುಗಳೇ, ಇಷ್ಟು ಹೊತ್ತು ರೇಸಿನ ಮಾತಾಡಿದ್ದಕ್ಕೆ ಕಾರಣವಿದೆ. ಈ ಬೇಸರ ಈಗ ನಮ್ಮ ಬಳಗದ ಬಾಗಿಲಿಗೂ ಬಂದು ನಿಂತಿದೆ. ಮಳೆಗಾಲ ಶುರುವಾದ ಮೇಲೆ ಭಾನುವಾರ ಬರುವವರು ಕಡಿಮೆಯಾಗಿದ್ದಾರೆ. ಮಳೆಯೊಂದೇ ಕಾರಣವಲ್ಲ. "ಅದೇ ವಂದನೆ, ಅದೇ ಪುಸ್ತಕ, ಹೊಸದೇನಿದೆ" ಅಂತ ಹುಡುಗರು ಹೇಳುವುದು ನನ್ನ ಕಿವಿಗೂ ಬಿದ್ದಿದೆ. ಏಪ್ರಿಲ್ 14ರ ಮೆರವಣಿಗೆಗೆ ಕರೆಯದೆ ಬರುವವರು ಅವರೇ. ಡೊಳ್ಳು, ಡಿಜೆ, ನೀಲಿ ಬಾವುಟ, ಜೈಕಾರ ಇದ್ದಾಗ ಉತ್ಸಾಹಕ್ಕೆ ಕೊರತೆಯಿಲ್ಲ. ಅದು ಬೇಡ ಅಂತಲ್ಲ, ನಮ್ಮ ಜನ ತಲೆಯೆತ್ತಿ ಬೀದಿಯಲ್ಲಿ ನಡೆಯುವುದು ದೊಡ್ಡ ಸಂಗತಿಯೇ. ಆದರೆ ಮೆರವಣಿಗೆ ವರ್ಷದಲ್ಲಿ ಒಂದು ದಿನ. ಉಳಿದ 364 ದಿನ?

ನಮ್ಮ ಚಳವಳಿ ಗೆದ್ದದ್ದೆಲ್ಲ ಆ ಉಳಿದ ದಿನಗಳಲ್ಲಿ. 1927ರ ಮಾರ್ಚ್ 20ರಂದು ಮಹಾಡಿನ ಚೌದಾರ್ ಕೆರೆಯ ನೀರು ಕುಡಿದದ್ದು ಎಲ್ಲರಿಗೂ ಗೊತ್ತು, ಅದರ ಚಿತ್ರ ಮನೆಮನೆಯಲ್ಲಿದೆ. ಆ ಕೆರೆಯ ಮೊಕದ್ದಮೆ ಹತ್ತು ವರ್ಷ ನಡೆದು 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ನಮ್ಮ ಪರವಾಗಿ ತೀರ್ಪಾಯಿತು. ಆ ಹತ್ತು ವರ್ಷದ ವಾಯಿದೆ, ಅರ್ಜಿ, ಸಾಕ್ಷಿಗಳ ಚಿತ್ರ ಯಾರ ಮನೆಯಲ್ಲೂ ಇಲ್ಲ.

ಸಂವಿಧಾನ ಸಭೆಯನ್ನು ತೆಗೆದುಕೊಳ್ಳಿ. 2 ವರ್ಷ 11 ತಿಂಗಳು 17 ದಿನ. ಅಧಿವೇಶನ 11, ಸಭೆ ಸೇರಿದ ದಿನ 165. ಅದರಲ್ಲಿ 114 ದಿನ ಕರಡಿನ ಚರ್ಚೆ. ಮಂಡಿಸಿದ ತಿದ್ದುಪಡಿ 2,473. ಈ ಲೆಕ್ಕವನ್ನು 1949ರ ನವೆಂಬರ್ 25ರ ಭಾಷಣದಲ್ಲಿ ಬಾಬಾಸಾಹೇಬರೇ ಕೊಟ್ಟಿದ್ದಾರೆ. ಆ 114 ದಿನವನ್ನು ಟಿ.ವಿ.ಯಲ್ಲಿ ನೇರಪ್ರಸಾರ ಮಾಡಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಚಾನೆಲ್ ಬದಲಿಸದೆ ನೋಡುತ್ತಿದ್ದೆವು? ಒಂದು ಅಲ್ಪವಿರಾಮ ಎಲ್ಲಿರಬೇಕು, ಒಂದು ಪದ ಬದಲಾದರೆ ಯಾರ ಹಕ್ಕು ಹೋಗುತ್ತದೆ ಎಂದು ಅನಾರೋಗ್ಯದ ನಡುವೆಯೂ ಕೂತು ಉತ್ತರ ಕೊಟ್ಟ ಮನುಷ್ಯನಿಗೆ ಬೇಸರ ಬಂದಿದ್ದರೆ ನಾನಿವತ್ತು ಮೇಷ್ಟರಾಗಿರುತ್ತಿರಲಿಲ್ಲ.

ಇನ್ನೊಂದು ಲೆಕ್ಕ. ನಾಗಪುರದ ದೀಕ್ಷೆ 1956ರ ಅಕ್ಟೋಬರ್ 14ರಂದು. ಬೌದ್ಧರಾದ ನಮ್ಮವರನ್ನೂ ಪರಿಶಿಷ್ಟ ಜಾತಿಯವರೆಂದು ಕೇಂದ್ರ ಸರ್ಕಾರ ಕಾನೂನಿನಲ್ಲಿ ಒಪ್ಪಿಕೊಂಡದ್ದು 1990ರಲ್ಲಿ. ನಡುವೆ 34 ವರ್ಷ. ಅಷ್ಟೂ ವರ್ಷ ಮನವಿ ಬರೆದವರು, ಕಚೇರಿ ಮೆಟ್ಟಿಲು ಹತ್ತಿದವರು, ಮತ್ತೆ ಮನವಿ ಬರೆದವರು ಇದ್ದರು. ಅವರಲ್ಲಿ ಬಹಳ ಮಂದಿಯ ಹೆಸರೂ ನಮಗೆ ತಿಳಿಯದು. ಇವತ್ತು ನಮ್ಮ ಮಗುವಿನ ಅರ್ಜಿಯಲ್ಲಿ ಧರ್ಮದ ಕಡೆ ಬೌದ್ಧ, ಜಾತಿಯ ಕಡೆ ಪರಿಶಿಷ್ಟ ಜಾತಿ ಎಂದು ಧೈರ್ಯವಾಗಿ ಬರೆಯುತ್ತೇವಲ್ಲ, ಆ ಎರಡು ಸಾಲಿನ ಹಿಂದೆ ಅವರ 34 ವರ್ಷದ ತಾಳ್ಮೆ ಇದೆ.

ಈ ಕೆಲಸಗಳು ಇವತ್ತಿಗೂ ಮುಗಿದಿಲ್ಲ. ಕಮ್ಮರಡಿಯ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕು. ಆಧಾರಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ತಿದ್ದಿಸಬೇಕು. ನಾಡಕಚೇರಿಗೆ ಹೋಗಿ ಸರ್ವರ್ ಬರುವವರೆಗೆ ಕಾಯಬೇಕು. ಗ್ರಾಮಸಭೆಯಲ್ಲಿ ನಮ್ಮ ಕಾಲೋನಿಯ ನೀರಿನ ಪೈಪಿನ ಮಾತು ನಾಲ್ಕನೇ ಸಲ ಎತ್ತಬೇಕು. ಇದ್ಯಾವುದರಲ್ಲೂ ರೋಮಾಂಚನವಿಲ್ಲ. ಎಲ್ಲ ಧಮ್ಮದಿನ್ನಾ ಹೇಳಿದ ಮೂರನೆಯ ವೇದನೆಯ ಕೆಲಸಗಳು. ತಿಳಿಯದೆ ಮಾಡಿದರೆ ಹಿಂಸೆ, ತಿಳಿದು ಮಾಡಿದರೆ ಅದರಲ್ಲೇ ಒಂದು ಸಮಾಧಾನ.

ವಂದನೆಯೂ ಹಾಗೆಯೇ. ಪ್ರತಿ ವಾರ ಅದೇ ಪಂಚಶೀಲ ನಿಜ. ಆದರೆ ಹೇಳುವ ನಾನು ಪ್ರತಿ ವಾರ ಅದೇ ಮನುಷ್ಯನಲ್ಲ. ಈ ವಾರ ಯಾರಿಗೆ ಸುಳ್ಳು ಹೇಳಿದೆ, ಯಾರ ದುಡಿಮೆಯನ್ನು ಸುಮ್ಮನೆ ಬಳಸಿಕೊಂಡೆ ಎಂದು ಒಂದೊಂದು ಶೀಲದ ಹತ್ತಿರ ನಿಂತು ನೋಡಿಕೊಳ್ಳುವವನಿಗೆ ಅದು ಪ್ರತಿ ಸಲ ಹೊಸ ತಿರುವು. ಕುರ್ಚಿಯಲ್ಲಿ ಕೂತು ಕೇಳುವವನಿಗೆ ಮಾತ್ರ ಅದು ಐವತ್ತನೇ ಸುತ್ತು. ಹುಡುಗರಿಗೂ ನಾವು ಇದನ್ನು ಬೈದು ಹೇಳಬಾರದು. ಅವರನ್ನು ಕುರ್ಚಿಯಿಂದ ಎಬ್ಬಿಸಿ ಕೆಲಸ ಕೊಡಬೇಕು. ವಂದನೆ ಅವರೇ ಹೇಳಿಸಲಿ, ಪುಸ್ತಕದ ಪುಟ ಅವರೇ ಓದಿ ಅರ್ಥ ಹೇಳಲಿ, ತಪ್ಪಿದರೆ ಪಕ್ಕದಲ್ಲಿ ಕೂತು ಮುಂದಿನ ತಿರುವು ಹೇಳಲು ನಾವಿದ್ದೇವೆ.

ಇಂದಿನ ಅಭ್ಯಾಸಕ್ಕೆ ಮೂರು ವಿಷಯ.

ಒಂದು, ಇವತ್ತು ಯಾವಾಗ ಬೇಸರ ಬಂದರೂ ತಕ್ಷಣ ಮೊಬೈಲಿಗೆ ಕೈ ಹಾಕಬೇಡಿ. ಹತ್ತು ಉಸಿರು ಆಡುವಷ್ಟು ಹೊತ್ತು ಆ ಬೇಸರವನ್ನೇ ನೋಡಿ. ಇದು ಸುಖವೂ ಅಲ್ಲ, ದುಃಖವೂ ಅಲ್ಲ ಎಂದು ಗುರುತು ಹಿಡಿಯಿರಿ.

ಎರಡು, ಇದರಲ್ಲಿ ನನಗೆ ತಿಳಿಯದೆ ಇರುವುದು ಏನು ಎಂದು ಕೇಳಿಕೊಳ್ಳಿ. ಗ್ಯಾರೇಜಿನ ಹುಡುಗನಿಗೆ ಟೈರು ಕಂಡ ಹಾಗೆ ನಿಮಗೂ ಏನಾದರೂ ಕಂಡೀತು.

ಮೂರು, ಬಹಳ ದಿನದಿಂದ ಬೇಸರವೆಂದು ಮುಂದೂಡಿದ ಒಂದು ಕೆಲಸವನ್ನು, ನಮ್ಮ ಜನಕ್ಕೆ ಉಪಯೋಗವಾಗುವ ಒಂದು ಕೆಲಸವನ್ನು, ಇವತ್ತು ಪೂರ್ತಿ ಗಮನ ಕೊಟ್ಟು ಮಾಡಿ ಮುಗಿಸಿ.

ಈ ಭಾನುವಾರ ಸಂಜೆ ಬಳಗ ಸೇರುವಾಗ ಎಂಟನೇ ತರಗತಿಯಿಂದ ಮೇಲಿನ ಮಕ್ಕಳ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಪುಸ್ತಕ, ಆಧಾರ್ ತನ್ನಿ. ವಂದನೆ ಆದ ಮೇಲೆ ಕೂತು ಅರ್ಜಿ ತುಂಬೋಣ. ಕರೆಂಟ್ ಹೋಗಬಹುದು, ಮೇಣದಬತ್ತಿ ಇರುತ್ತದೆ.

ಸರ್ವರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏